ಸೊಂಟದ ಮೂಳೆ ಮುರಿದಾಗ: ಹಿರಿಯರ ಆರೈಕೆಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ತಾಯಿಗೆ 82 ವರ್ಷ. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೋಗ್ರೆಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೂಳೆ ವೈದ್ಯರು ರಾಡ್ ಹಾಕಬೇಕು ಎನ್ನುತ್ತಾರೆ. ಮಾತ್ರೆ ನಿಲ್ಲಿಸಿ ಐದು ದಿನ ಕಾಯಬೇಕು, ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು ಎಂದು ಇನ್ನೊಬ್ಬ ವೈದ್ಯರು ಹೇಳಿದ್ದಾರೆ. ಈ ವಯಸ್ಸಿನಲ್ಲಿ ಆಪರೇಷನ್ ತಡೆದುಕೊಳ್ಳಲಾರರು, ಪುತ್ತೂರು ಕಟ್ಟು ಹಾಕಿಸಿ ಮನೆಯಲ್ಲೇ ಮಲಗಿಸಿ ಎಂಬುದು ನೆಂಟರ ಸಲಹೆ. ಏನು ಮಾಡಲಿ?
— ಓದುಗರು, ತೀರ್ಥಹಳ್ಳಿ

ಉತ್ತರ: ಪತ್ರಿಕೆ ಅಚ್ಚಾಗಿ ನಿಮ್ಮ ಕೈಸೇರುವಷ್ಟರಲ್ಲಿ ನಿಮ್ಮ ತಾಯಿಯವರ ವಿಷಯದಲ್ಲಿ ನಿರ್ಧಾರ ಆಗಿಹೋಗಿರುತ್ತದೆ, ಅದು ಬೇಗನೇ ಆಗಿರಲಿ ಎಂದು ಹಾರೈಸುತ್ತೇನೆ. ಇದೇ ಗೊಂದಲದ ಪತ್ರಗಳು ಪದೇ ಪದೇ ಬರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತಿದ್ದೇನೆ.

ಇಲ್ಲಿ ಮುರಿಯುವುದು ತೊಡೆಮೂಳೆಯ ಮೇಲ್ತುದಿ. ಸೊಂಟದ ಕೀಲಿನಲ್ಲಿ ಕೂರುವ ಗುಂಡಿನ ಕೆಳಗಿನ ಕತ್ತಿನಲ್ಲಿ ಮುರಿದು ತುಂಡು ಜರುಗಿದರೆ, ಆ ಗುಂಡಿನ ಭಾಗಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳೂ ಹರಿದುಹೋಗುವುದರಿಂದ ಹಿರಿಯರಲ್ಲಿ ಆ ಭಾಗವನ್ನೇ ತೆಗೆದು ಕೃತಕ ಗುಂಡನ್ನು ಕೂರಿಸುತ್ತಾರೆ. ಜನ ಇದನ್ನು ‘ಬಾಲ್ ಹಾಕುವುದು’ ಎನ್ನುತ್ತಾರೆ. ಕತ್ತಿಗಿಂತ ಕೆಳಗೆ ಮುರಿದಿದ್ದರೆ ಅಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ರಾಡ್ ಅಥವಾ ಪ್ಲೇಟ್ ಹಾಕಿ ಕೂಡಿಸಿದರೆ ಸಾಕು. ಎರಡೂ ಕಡೆ ಸುತ್ತಲಿನ ಬಲವಾದ ಸ್ನಾಯುಗಳು ತುಂಡುಗಳನ್ನು ಎಳೆಯುತ್ತಿರುತ್ತವೆ. ಮುಂಗೈಯನ್ನು ಹಿಡಿದಿಡುವಂತೆ ಈ ಜಾಗವನ್ನು ಹೊರಗಿನ ಯಾವ ಕಟ್ಟೂ ಹಿಡಿದಿಡಲಾರದು. ಎಣ್ಣೆ ಹಚ್ಚಿ ತಿಕ್ಕಿದರೆ ನೋವೂ ಒಳಗಿನ ರಕ್ತಸ್ರಾವವೂ ಹೆಚ್ಚುತ್ತವೆ.

ವಯಸ್ಸಿನ ಮಾತಿಗೆ ಬರೋಣ. ಶಸ್ತ್ರಚಿಕಿತ್ಸೆಯಲ್ಲಿ ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ. ಆಪರೇಷನ್ ಆದವರಲ್ಲೂ ಸುಮಾರು ಐದಕ್ಕೊಬ್ಬರಿಂದ ನಾಲ್ಕಕ್ಕೊಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆಂಬುದು ಹಲವು ದೇಶಗಳ ಅನುಭವ. ಆದರೆ ಅವರನ್ನು ಕೊಂಡೊಯ್ಯುವುದು ಬಹುಪಾಲು ಚಾಕುವಲ್ಲ. ನ್ಯುಮೋನಿಯಾ, ಕಾಲಿನಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ರಕ್ತ, ಮೂತ್ರದ ಸೋಂಕು, ಹಾಸಿಗೆ ಹುಣ್ಣು, ಜೊತೆಗೆ ಮೊದಲೇ ಇದ್ದ ಹೃದಯ, ಮೂತ್ರಪಿಂಡಗಳ ದೌರ್ಬಲ್ಯ. ಮನೆಯಲ್ಲಿ ಎರಡು ಮೂರು ತಿಂಗಳು ಮಲಗಿಸಿದರೆ ಇವೆಲ್ಲಕ್ಕೂ ನಾವೇ ಬಾಗಿಲು ತೆರೆದಂತೆ. ಮೊದಲೇ ನಡೆಯಲಾಗದೆ ಇದ್ದವರಿಗೂ ಮೂಳೆ ಸ್ಥಿರವಾದರೆ ಮಗ್ಗುಲು ಬದಲಿಸುವಾಗ, ಶುಚಿಗೊಳಿಸುವಾಗ ಆಗುವ ನೋವು ಬಹಳ ಕಡಿಮೆಯಾಗುತ್ತದೆ. ಬೇರೆ ಕಾಯಿಲೆಯಿಂದ ಕೊನೆಯ ದಿನಗಳಲ್ಲಿ ಇರುವವರಿಗೆ ಮಾತ್ರ ಆಪರೇಷನ್ ಬಿಟ್ಟು ನೋವು ಶಮನಕ್ಕೆ ಗಮನ ಕೊಡುವುದು ಸರಿ.

ಇನ್ನು ಕಾಯುವ ವಿಷಯ. ದಾಖಲಾದ ದಿನ ಅಥವಾ ಮರುದಿನ ಶಸ್ತ್ರಚಿಕಿತ್ಸೆ ಆಗಬೇಕೆಂಬುದು ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ. ಬೇರೆಡೆಯೂ 48 ಗಂಟೆಯೊಳಗೆ ಎನ್ನುತ್ತಾರೆ. ಭಾರತವೂ ಸೇರಿ 17 ದೇಶಗಳ 2,970 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಹಿಪ್ ಅಟ್ಯಾಕ್’ ಅಧ್ಯಯನದಲ್ಲಿ, ರೋಗನಿರ್ಣಯವಾದ ಆರು ಗಂಟೆಯೊಳಗೆ ಆಪರೇಷನ್ ಮಾಡಲು ಯತ್ನಿಸಿದ ಗುಂಪನ್ನು ಸುಮಾರು 24 ಗಂಟೆ ಕಾದ ಗುಂಪಿನೊಂದಿಗೆ ಹೋಲಿಸಲಾಯಿತು. ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಮಾಡಿದವರಲ್ಲಿ ತಾತ್ಕಾಲಿಕ ಬುದ್ಧಿಭ್ರಮಣೆ (ಸನ್ನಿ), ಮೂತ್ರದ ಸೋಂಕು ಕಡಿಮೆಯಾದವು, ಅವರು ಬೇಗ ಮನೆಗೆ ಹೋದರು. ಅಂದರೆ ಗಡಿಯಾರ ಹಿಡಿದು ಆರು ಗಂಟೆಗೆ ಓಡಬೇಕಿಲ್ಲ, ಐದು ದಿನ ಕಾಯುವುದು ಮಾತ್ರ ತಪ್ಪು.

ಹಾಗಾದರೆ ಕ್ಲೊಪಿಡೋಗ್ರೆಲ್? ಈ ಮಾತ್ರೆಯ ಕಾರಣಕ್ಕೆ ಸೊಂಟದ ಮೂಳೆಯ ಆಪರೇಷನ್ ಮುಂದೂಡಬಾರದೆಂಬುದು ಈಗಿನ ಅಭಿಪ್ರಾಯ. ಬೆನ್ನಿಗೆ ಕೊಡುವ ಅರಿವಳಿಕೆಯ ಬದಲು ಪೂರ್ಣ ಅರಿವಳಿಕೆಯನ್ನು ವೈದ್ಯರು ಆರಿಸಿಕೊಳ್ಳಬಹುದು. ಎರಡರಲ್ಲಿ ಯಾವುದಾದರೂ, ರೋಗಿ ಮತ್ತೆ ನಡೆಯುವುದರಲ್ಲಿ ಮತ್ತು ಬದುಕುಳಿಯುವುದರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲವೆಂದು 2021ರ ದೊಡ್ಡ ಅಧ್ಯಯನವೊಂದು ತೋರಿಸಿದೆ. ಆಸ್ಪಿರಿನ್ ನಿಲ್ಲಿಸಬೇಕಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆ ವಾರ್ಫರಿನ್ ಇದ್ದರೆ ವಿಟಮಿನ್ ಕೆ ಕೊಟ್ಟು ಪರಿಣಾಮವನ್ನು ಬೇಗ ಇಳಿಸಬಹುದು. ಎಕೋವನ್ನು ಎಲ್ಲರಿಗೂ ಮಾಡಿಸುವ ವಾಡಿಕೆ ನಮ್ಮಲ್ಲಿದೆ. ಹೊಸದಾಗಿ ಉಸಿರಾಟದ ತೊಂದರೆ ಅಥವಾ ಹೃದಯದಲ್ಲಿ ಅಸಹಜ ಶಬ್ದವಿದ್ದರೆ ಅದು ಉಪಯುಕ್ತ. ಆಗಲೂ ಅದಕ್ಕಾಗಿ ದಿನಗಟ್ಟಲೆ ಕಾಯುವಂತಾಗಬಾರದು. ನಿಜಕ್ಕೂ ಸರಿಪಡಿಸಿಕೊಂಡೇ ಮುಂದುವರಿಯಬೇಕಾದವು ತೀವ್ರ ರಕ್ತಹೀನತೆ, ಸೋಡಿಯಂ ಪೊಟ್ಯಾಸಿಯಂ ವಿಪರೀತ ಏರುಪೇರು, ಹತೋಟಿ ತಪ್ಪಿದ ಸಕ್ಕರೆ, ಹೃದಯ ವೈಫಲ್ಯ, ನಾಡಿಯ ಅತಿವೇಗ, ಎದೆಯ ತೀವ್ರ ಸೋಂಕು. ಇವುಗಳಲ್ಲಿ ಹೆಚ್ಚಿನವನ್ನು ಒಂದು ದಿನದಲ್ಲಿ ಹತೋಟಿಗೆ ತರಬಹುದು.

ಅಮ್ಮನ ಮಾತ್ರೆಗಳ ಚೀಟಿಯನ್ನು ಅರಿವಳಿಕೆ ವೈದ್ಯರಿಗೆ ನೀವೇ ತೋರಿಸಿ. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ವಿಶೇಷವಾಗಿ ಹೇಳಿ. ಉಪವಾಸದಲ್ಲಿ ಈ ಮಾತ್ರೆಗಳಿಂದ, ಸಕ್ಕರೆ ಹೆಚ್ಚಿಲ್ಲದಿದ್ದರೂ, ರಕ್ತದಲ್ಲಿ ಆಮ್ಲ ಏರಬಹುದು. ಮೆಟೊಪ್ರೊಲಾಲ್‌ನಂಥ ಹೃದಯ, ರಕ್ತದೊತ್ತಡದ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು. ಟೆಲ್ಮಿಸಾರ್ಟಾನ್‌ನಂಥ ರಕ್ತದೊತ್ತಡದ ಮಾತ್ರೆಯನ್ನು ಸಾಮಾನ್ಯವಾಗಿ ಆಪರೇಷನ್ ದಿನದ ಬೆಳಿಗ್ಗೆ ಬಿಡಿಸುತ್ತಾರೆ. ಉಪವಾಸವೂ ಅಳತೆ ಮೀರಬಾರದು. ಊಟಕ್ಕೆ ಆರು ಗಂಟೆಯ, ನೀರಿಗೆ ಎರಡು ಗಂಟೆಯ ಅಂತರ ಸಾಕು. ರಾತ್ರಿಯಿಂದ ಮರುದಿನ ಸಂಜೆಯವರೆಗೆ ಬಾಯಿ ಒಣಗಿಸಿಕೊಂಡು ಮಲಗಿದ ವೃದ್ಧರನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ. ನೋವಿಗೆ ಹೊತ್ತು ಹೊತ್ತಿಗೆ ಪ್ಯಾರಸಿಟಮಾಲ್, ಜೊತೆಗೆ ತೊಡೆಸಂದಿಯ ಬಳಿ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಒಳ್ಳೆಯ ಪರಿಹಾರ. ಡೈಕ್ಲೊಫಿನಾಕ್ ಜಾತಿಯ ನೋವಿನ ಮಾತ್ರೆಗಳು ಈ ವಯಸ್ಸಿನ ಮೂತ್ರಪಿಂಡಕ್ಕೆ ಒಗ್ಗುವುದಿಲ್ಲ. ಕಾಲಿಗೆ ತೂಕ ಕಟ್ಟಿ ಎಳೆದಿಡುವುದರಿಂದ ನೋವು ತಗ್ಗುತ್ತದೆಂಬುದಕ್ಕೆ ಆಧಾರ ಸಿಕ್ಕಿಲ್ಲ.

ಪ್ರಶ್ನೆ: ತಂದೆಗೆ ಬಾಲ್ ಹಾಕಿ ಎರಡು ದಿನವಾಯಿತು. ರಾತ್ರಿ ಏನೇನೋ ಮಾತನಾಡುತ್ತಾರೆ, ಡ್ರಿಪ್ ಕೀಳುತ್ತಾರೆ, ನನ್ನನ್ನೇ ಗುರುತಿಸುತ್ತಿಲ್ಲ. ಬೆಳಿಗ್ಗೆ ತಕ್ಕಮಟ್ಟಿಗೆ ಸರಿಯಿರುತ್ತಾರೆ. ಮತ್ತಿನ ಮದ್ದಿನಿಂದ ತಲೆ ಕೆಟ್ಟಿತೇ?
— ಓದುಗರು, ಹುಬ್ಬಳ್ಳಿ

ಉತ್ತರ: ಇದು ಸನ್ನಿ (ಡೆಲಿರಿಯಂ). ಹುಚ್ಚೂ ಅಲ್ಲ, ಶಾಶ್ವತವಾದ ಮರೆವೂ ಅಲ್ಲ. ಈ ಆಪರೇಷನ್ ಆದ ಹಿರಿಯರಲ್ಲಿ ಬಹಳ ಸಾಮಾನ್ಯ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ, ಕೆಲವರಲ್ಲಿ ವಾರಗಳು ಬೇಕಾಗುತ್ತವೆ. ಇದಕ್ಕೆ ಕಾರಣ ಹುಡುಕಬೇಕು. ಸೋಂಕು, ಕಟ್ಟಿದ ಮೂತ್ರ, ಮಲಬದ್ಧತೆ, ಸರಿಯಾಗಿ ಶಮನವಾಗದ ನೋವು, ನೀರಿನ ಕೊರತೆ, ಇಳಿದ ಸೋಡಿಯಂ ಅಥವಾ ಆಮ್ಲಜನಕ, ಜೊತೆಗೆ ನಿದ್ದೆ ಮಾತ್ರೆಗಳು. ಮೂತ್ರದ ನಳಿಕೆಯನ್ನು ಯಾವಾಗ ತೆಗೆಯುತ್ತೀರಿ ಎಂದು ಪ್ರತಿದಿನ ಕೇಳಿ. ಅವರ ಕನ್ನಡಕ, ಕಿವಿಯ ಯಂತ್ರ, ಹಲ್ಲುಸೆಟ್ಟನ್ನು ಮನೆಯಿಂದ ತಂದುಕೊಡಿ. ಹಗಲು ಕಿಟಕಿ ತೆರೆದು ಕೂರಿಸಿ, ರಾತ್ರಿ ದೀಪ ತಗ್ಗಿಸಿ, ಪರಿಚಿತರೊಬ್ಬರು ಪಕ್ಕದಲ್ಲಿದ್ದು ಇದು ಯಾವ ಊರು, ಯಾವ ವಾರ ಎಂದು ಮೆಲ್ಲಗೆ ಹೇಳುತ್ತಿರಲಿ. ವಾದ ಮಾಡಬೇಡಿ, ಕೈಕಟ್ಟಿಸಬೇಡಿ. ಇನ್ನೊಂದು ಬಗೆಯ ಸನ್ನಿಯಲ್ಲಿ ರೋಗಿ ಗಲಾಟೆ ಮಾಡದೆ ಮಂಕಾಗಿ ನಿದ್ರಿಸುತ್ತಲೇ ಇರುತ್ತಾರೆ. ‘ಪಾಪ, ಸುಸ್ತಾಗಿದ್ದಾರೆ’ ಎಂದು ಮನೆಯವರು ಸುಮ್ಮನಾಗುವುದರಿಂದ ಅದು ಹೆಚ್ಚು ಅಪಾಯಕಾರಿ.

ಪ್ರಶ್ನೆ: ಬೇಳೆ, ಮೊಸರು, ಮೊಟ್ಟೆ ಕೊಟ್ಟರೆ ಹೊಲಿಗೆ ಕೀವಾಗುತ್ತದೆ ಎಂದು ಅತ್ತೆಗೆ ಗಂಜಿ ಮಾತ್ರ ಕೊಡುತ್ತಿದ್ದೇವೆ. ಎಷ್ಟು ದಿನ ಮಲಗಿಸಬೇಕು?
— ಓದುಗರು, ಮಂಡ್ಯ

ಉತ್ತರ: ಒಂದು ದಿನವೂ ಬೇಡ. ಗಂಜಿಯ ಪಥ್ಯವನ್ನು ಇವತ್ತೇ ಬಿಡಿ. ಗಾಯ ಮಾಯಲು, ಕರಗಿದ ಸ್ನಾಯು ತುಂಬಲು ಪ್ರೋಟೀನ್ ಬೇಕು. ಮೂತ್ರಪಿಂಡದ ಕಾಯಿಲೆ ಇಲ್ಲದಿದ್ದರೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಎಂಬ ಲೆಕ್ಕವಿದೆ, ಅಂದರೆ 50 ಕಿಲೋ ತೂಗುವವರಿಗೆ ಕನಿಷ್ಠ 60 ಗ್ರಾಂ. ಗಂಜಿಯಿಂದ ಅದು ಸಿಗದು. ಬೇಳೆ, ಮೊಳಕೆ ಕಾಳು, ಮೊಸರು, ಅಭ್ಯಾಸವಿದ್ದರೆ ಮೊಟ್ಟೆ, ಮೀನು ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಿ.

ವೈದ್ಯರು ಬೇರೆ ರೀತಿ ಹೇಳದಿದ್ದರೆ ಮರುದಿನವೇ ಎಬ್ಬಿಸಿ ಕೂರಿಸಿ, ವಾಕರ್ ಹಿಡಿಸಿ, ಆಪರೇಷನ್ ಆದ ಕಾಲಿನ ಮೇಲೂ ಭಾರ ಹಾಕಿಸಿ ನಿಲ್ಲಿಸಬೇಕು. ಮಲಗಿರುವಾಗ ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ರಕ್ತ ಹೆಪ್ಪುಗಟ್ಟದಿರಲು ಕೊಡುವ ಚುಚ್ಚುಮದ್ದು ಸಾಮಾನ್ಯವಾಗಿ ತಿಂಗಳ ಕಾಲ ಇರುತ್ತದೆ; ಮನೆಗೆ ಬಂದ ಮೇಲೆ ತಾವಾಗಿ ನಿಲ್ಲಿಸಬೇಡಿ. ಮೀನಖಂಡ ಊದಿ ನೋಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಥಟ್ಟನೆ ಉಬ್ಬಸ, ಎದೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಬಾಲ್ ಹಾಕಿದ್ದರೆ ನೆಲದ ಮೇಲೆ, ಗಿಡ್ಡ ಮಣೆಯ ಮೇಲೆ, ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ. ಕಮೋಡ್ ಕುರ್ಚಿಯನ್ನು ಡಿಸ್ಚಾರ್ಜ್‌ಗೆ ಮುಂಚೆಯೇ ತಂದಿಡಿ.

ಪ್ರಶ್ನೆ: ಆಪರೇಷನ್ ಆಗಿ ಎರಡು ತಿಂಗಳಾಯಿತು, ಅಜ್ಜಿ ವಾಕರ್ ಹಿಡಿದು ಓಡಾಡುತ್ತಾರೆ. ಚೀಟಿಯಲ್ಲಿ ಕ್ಯಾಲ್ಸಿಯಂ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ. ಸಾಕೇ?
— ಓದುಗರು, ಬೆಳಗಾವಿ

ಉತ್ತರ: ಸಾಲದು, ಮತ್ತು ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆ. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಮೂಳೆ ಮುರಿಯಿತೆಂದರೆ ಅದು ಮೂಳೆ ಸವೆತ (ಆಸ್ಟಿಯೊಪೊರೋಸಿಸ್). ಇನ್ನೊಂದು ಸೊಂಟವೂ, ಬೆನ್ನುಮೂಳೆಯೂ ಅದೇ ಸ್ಥಿತಿಯಲ್ಲಿರುತ್ತವೆ. ಸೊಂಟದ ಮೂಳೆಯ ಆಪರೇಷನ್ ಆಗಿ 90 ದಿನಗಳೊಳಗೆ ಮೂಳೆ ಸವೆತ ತಡೆಯುವ ಔಷಧಿಯಾದ ಜೊಲೆಡ್ರೊನಿಕ್ ಆಮ್ಲವನ್ನು 5 ಮಿಲಿಗ್ರಾಂನಂತೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡಲಾರಂಭಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅದನ್ನು ಪಡೆಯದವರಿಗೆ ಹೋಲಿಸಿದರೆ ಹೊಸ ಮೂಳೆ ಮುರಿತಗಳು 35 ಪ್ರತಿಶತ, ಸಾವುಗಳು 28 ಪ್ರತಿಶತ ಕಡಿಮೆಯಾಗಿದ್ದವು. ಇದನ್ನು ಕೊಡುವ ಮುನ್ನ ವಿಟಮಿನ್ ಡಿ ಕೊರತೆಯನ್ನು ತುಂಬಬೇಕು, ಮೂತ್ರಪಿಂಡದ ಪರೀಕ್ಷೆ ಆಗಬೇಕು, ಕೀಳಿಸಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಬೇರೆ ಔಷಧಿಗಳಿವೆ. ಕ್ಯಾಲ್ಸಿಯಂಗೆ ರಾಗಿ ಒಳ್ಳೆಯದೇ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಆದರೆ ಸವೆದ ಮೂಳೆಗೆ ಅದೊಂದೇ ಚಿಕಿತ್ಸೆಯಾಗದು.

ಜೊತೆಗೆ ಅವರು ಬಿದ್ದದ್ದೇಕೆ ಎಂಬುದನ್ನೂ ವಿಚಾರಿಸಿ. ಎದ್ದು ನಿಂತಾಗ ರಕ್ತದೊತ್ತಡ ಇಳಿಯುತ್ತದೆಯೇ ಎಂದು ಮಲಗಿಸಿ, ನಿಲ್ಲಿಸಿ ಎರಡೂ ಬಾರಿ ನೋಡಿಸಿ. ನಿದ್ದೆ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ, ಕಣ್ಣಿನ ಪೊರೆ ತೆಗೆಸಿ, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ. ಎರಡು ತಿಂಗಳು ಈಗಾಗಲೇ ಕಳೆದಿರುವುದರಿಂದ, ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಈ ವಾರವೇ ವೈದ್ಯರನ್ನು ಕಾಣಿ.