ಮಗನನ್ನು ಐಸ್ ಹಾಕಿಗೆ ಸೇರಿಸಲಾ ಎಂದು ಕೇಳಿದವರಿಗೆ

ಕೆನಡಾದ ಒಂಟಾರಿಯೊಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಎಂಟು ವರ್ಷದ ಮಗ ಮಾತಾಡುವ ರೀತಿಯನ್ನು ಶಾಲೆಯಲ್ಲಿ ಆಡಿಕೊಳ್ಳುತ್ತಾರೆ, 'ನಾನೂ ಹೊಡೀಲಾ ಅಪ್ಪಾ' ಅಂತ ಕೇಳ್ತಾನೆ, ಐಸ್ ಹಾಕಿಗೆ ಸೇರಿಸಿದರೆ ಸರಿಹೋಗುತ್ತಾ ಎಂದು ಕೇಳಿದ್ದೀರಿ. ನನಗೆ ತಕ್ಷಣ ನೆನಪಾದದ್ದು ಐಸ್ ಹಾಕಿಯ ದೊಡ್ಡ ಆಟಗಾರ ಸ್ಟ್ಯಾನ್ ಮಿಕಿಟಾ.

ಅವರು ಹುಟ್ಟಿದ್ದು 1940ರಲ್ಲಿ, ಸ್ಲೊವಾಕಿಯಾದ ಒಂದು ಹಳ್ಳಿಯಲ್ಲಿ. ಅಲ್ಲಿ ಕಮ್ಯುನಿಸ್ಟರ ಆಡಳಿತ ಬಂದ 1948ರಲ್ಲಿ ಹೆತ್ತವರು ಗಟ್ಟಿ ಮನಸ್ಸು ಮಾಡಿ ಮಗನನ್ನು ನೆಂಟರ ಜೊತೆ ನಮ್ಮ ಒಂಟಾರಿಯೊದ ಸೇಂಟ್ ಕ್ಯಾಥರೀನ್ಸ್ ಊರಿಗೆ ಕಳಿಸಿಬಿಟ್ಟರು. ನಿಮ್ಮ ಮಗನದೇ ವಯಸ್ಸು, ಆದರೆ ಜೊತೆಗೆ ಅಪ್ಪ ಅಮ್ಮ ಇಲ್ಲ. ಮಿಕಿಟಾ ಅನ್ನೋದು ಸಾಕಿದವರ ಮನೆಹೆಸರು. ಬೀದಿಯಲ್ಲಿ ಹುಡುಗರು ಹಾಕಿ ಆಡುವುದನ್ನು ನೋಡುತ್ತಾ ಕೂತಿದ್ದವನು ಕೊನೆಗೆ ತಾನೂ ಸೇರಿಕೊಂಡ. ಹಾಗಂತ ಎಲ್ಲರೂ ತೋಳು ಚಾಚಿ ಕರೆದುಕೊಂಡರು ಅಂದುಕೊಳ್ಳಬೇಡಿ. 'ಡಿಪಿ' ಅಂತ ರೇಗಿಸುತ್ತಿದ್ದರು. ಡಿಸ್ಪ್ಲೇಸ್ಡ್ ಪರ್ಸನ್, ನೆಲೆ ತಪ್ಪಿ ಬಂದವನು ಅಂತ ಅರ್ಥ. ಹುಡುಗ ಸುಮ್ನಿರಲಿಲ್ಲ, ಕೈ ಮಾಡುತ್ತಿದ್ದ.

ಆ ಜಗಳಗಂಟತನ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ವರೆಗೂ ಬಂತು. ಷಿಕಾಗೊ ಬ್ಲ್ಯಾಕ್ ಹಾಕ್ಸ್ ಪರ ಆಡಿ 1961ರಲ್ಲಿ ಆ ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದರು. 1964-65ರಲ್ಲಿ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಅವರದೇ, ಜೊತೆಗೆ 154 ನಿಮಿಷದ ಪೆನಾಲ್ಟಿ! ತಪ್ಪು ಮಾಡಿದವರು ಈ ಆಟದಲ್ಲಿ ಪಕ್ಕದ ಗೂಡಿನಲ್ಲಿ ಹೋಗಿ ಕೂರಬೇಕು. ಸಾಮಾನ್ಯವಾಗಿ ಅಷ್ಟು ಹೊತ್ತು ತಂಡಕ್ಕೆ ಒಬ್ಬ ಆಟಗಾರ ಕಡಿಮೆ. ಟಿವಿ ನೋಡುತ್ತಿದ್ದ ಪುಟ್ಟ ಮಗಳು 'ಅಪ್ಪ ಯಾಕೆ ಯಾವಾಗಲೂ ಕೂತೇ ಇರ್ತಾರೆ' ಎಂದು ಅಮ್ಮನನ್ನು ಕೇಳಿದಳಂತೆ. ಆಮೇಲೆ ಅವರು ಬದಲಾದರು. 1966-67ರಲ್ಲಿ ಅವರ ಪೆನಾಲ್ಟಿ ಬರೀ 12 ನಿಮಿಷ. ಆ ವರ್ಷವೇ ಅತಿ ಹೆಚ್ಚು ಅಂಕಕ್ಕೆ ಕೊಡುವ ಆರ್ಟ್ ರಾಸ್, ತಂಡಕ್ಕೆ ಅತಿ ಮುಖ್ಯನಾದ ಆಟಗಾರನಿಗೆ ಕೊಡುವ ಹಾರ್ಟ್, ಸಭ್ಯ ಆಟಕ್ಕೆ ಕೊಡುವ ಲೇಡಿ ಬಿಂಗ್, ಮೂರೂ ಪ್ರಶಸ್ತಿಗಳು ಬಂದವು. ಮರುವರ್ಷವೂ ಬಂದವು. ಒಂದೇ ಸೀಸನ್‌ನಲ್ಲಿ ಈ ಮೂರನ್ನೂ ಗೆದ್ದವರು ಬೇರೆ ಯಾರೂ ಇಲ್ಲ. ಅವರ ಸಾಧನೆಯಲ್ಲಿ ನನಗೆ ಅಚ್ಚರಿ ಇದೇ. 541 ಗೋಲು ಆಮೇಲಿನ ಮಾತು.

ಅದಕ್ಕೇ, ಮಗ ಹೊಡೀಲಾ ಅಂತ ಕೇಳಿದರೆ ಬೇಡ ಅನ್ನಿ. ಆದರೆ 'ಸಹಿಸಿಕೋ' ಅಂತಲೂ ಅನ್ನಬೇಡಿ. ನಾಳೆಯೇ ಟೀಚರ್ ಹತ್ತಿರ ಹೋಗಿ ಮಾತಾಡಿ. ಇಲ್ಲಿ ಅದಕ್ಕೆ ಸಂಕೋಚ ಬೇಕಿಲ್ಲ.

ಇನ್ನು ಐಸ್ ಹಾಕಿ ದುಬಾರಿ ಆಟ. ಚಳಿಯಲ್ಲಿ ಕತ್ತಲಿರುವಾಗಲೇ ಎದ್ದು ಮಂಜುಗಡ್ಡೆಯ ಅಂಗಳಕ್ಕೆ, ಅಂದರೆ ರಿಂಕ್‌ಗೆ ಓಡಬೇಕಾಗುತ್ತೆ. ಮೊದಲು ಬೀದಿ ಹಾಕಿ ಆಡಲಿ. ಒಂದು ಕೋಲು, ಒಂದು ಟೆನಿಸ್ ಚೆಂಡು ಸಾಕು. ವಾಹನ ಬಂತೆಂದರೆ ಯಾರಾದರೂ 'ಕಾರ್!' ಅಂತ ಕೂಗುತ್ತಾರೆ, ಗೋಲಿನ ಬಲೆ ಎತ್ತಿ ಪಕ್ಕಕ್ಕಿಡುತ್ತಾರೆ, ಕಾರು ಹೋದ ಮೇಲೆ ಮತ್ತೆ ಶುರು. ಇಷ್ಟವಾದರೆ ಸ್ಕೇಟ್ಸ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಕಾಲು ಬೆಳೆಯುತ್ತಲೇ ಇರುತ್ತೆ ಅಲ್ವಾ. ಹೆಲ್ಮೆಟ್ ಮಾತ್ರ ಹೊಸದೇ ಕೊಡಿಸಿ.