ರೋಮಿನ ಸ್ಯಾಟರ್ನ್ ದೇವಾಲಯದಲ್ಲಿ ನಿಜವಾಗಿಯೂ ಸರ್ಕಾರದ ಖಜಾನೆ ಇತ್ತೇ?

ರೋಮನ್ ಫೋರಮ್ಮಿನ (ಪ್ರಾಚೀನ ರೋಮಿನ ಸಾರ್ವಜನಿಕ ಚೌಕದ) ತುದಿಯಲ್ಲಿ ಎಂಟು ಕಂಬಗಳಷ್ಟೇ ಉಳಿದಿರುವ ಗುಡಿ ಯಾವುದು, ಅಲ್ಲಿ ಖಜಾನೆ ಇತ್ತೆಂದು ಗೈಡ್ ಹೇಳಿದ್ದನ್ನು ನಂಬಬಹುದೇ ಎಂದು ಕೇಳಿದ್ದೀರಿ. ಅದು ಸ್ಯಾಟರ್ನ್ ದೇವಾಲಯ, ಗೈಡ್ ಹೇಳಿದ್ದು ನಿಜ. ನನ್ನ ಮಟ್ಟಿಗಂತೂ ಆ ಗುಡಿಯ ಚರಿತ್ರೆಯಲ್ಲಿ ಪೂಜೆಗಿಂತ ಹಣದ ಕಥೆಯೇ ಹೆಚ್ಚು ಸ್ವಾರಸ್ಯದ್ದು.

ಸಂಪ್ರದಾಯದ ಪ್ರಕಾರ ಕ್ರಿ.ಪೂ. 497ರಲ್ಲಿ, ಅಂದರೆ ರೋಮನ್ನರು ರಾಜರನ್ನು ಓಡಿಸಿ ಗಣರಾಜ್ಯ ಕಟ್ಟಿಕೊಂಡ ಹೊಸದರಲ್ಲಿ, ಕ್ಯಾಪಿಟೋಲಿನ್ ಗುಡ್ಡದ ಬುಡದಲ್ಲಿ ಈ ಗುಡಿ ಪ್ರತಿಷ್ಠೆಯಾಯಿತು. ಸ್ಯಾಟರ್ನ್ ಬೇಸಾಯದ ದೇವರು. ಅವನ ಆಳ್ವಿಕೆಯ ಕಾಲದಲ್ಲಿ ಕಳ್ಳತನವೇ ಇರಲಿಲ್ಲ, ಆದ್ದರಿಂದ ರಾಜ್ಯದ ಹಣವನ್ನು ಅವನ ವಶಕ್ಕೆ ಒಪ್ಪಿಸಿದರು ಎಂಬುದು ಪ್ರಾಚೀನರೇ ಕೊಟ್ಟ ಒಂದು ವಿವರಣೆ. ಏರೇರಿಯಮ್ ಎಂದು ಕರೆಯುತ್ತಿದ್ದ ಈ ಖಜಾನೆಯಲ್ಲಿ ನಾಣ್ಯ, ಚಿನ್ನಬೆಳ್ಳಿಯ ಗಟ್ಟಿಗಳಲ್ಲದೆ ಲೆಕ್ಕಪತ್ರಗಳು, ಸೆನೆಟ್ಟಿನ ನಿರ್ಣಯಗಳು, ಸೇನೆಯ ಧ್ವಜಲಾಂಛನಗಳೂ ಇರುತ್ತಿದ್ದವು. ಉಸ್ತುವಾರಿ ಕ್ವೇಸ್ಟರ್ ಎಂಬ ಅಧಿಕಾರಿಗಳದು. ಅವರು ಸಾಮಾನ್ಯವಾಗಿ ಆಗಷ್ಟೇ ಸಾರ್ವಜನಿಕ ಹುದ್ದೆಗೆ ಕಾಲಿಟ್ಟ ಯುವಕರಾಗಿರುತ್ತಿದ್ದುದರಿಂದ ಹಳೆಯ ಗುಮಾಸ್ತರು ಅವರನ್ನು ಆಟ ಆಡಿಸುತ್ತಿದ್ದರು. ಮುಂದೆ ಪ್ರಸಿದ್ಧ ರಾಜಕಾರಣಿಯಾದ ಕಿರಿಯ ಕೇಟೋ ಮಾತ್ರ ನಿಯಮಗಳನ್ನೆಲ್ಲ ಮೊದಲೇ ಓದಿಕೊಂಡು ಬಂದು ಗುಮಾಸ್ತರನ್ನು ಹದ್ದುಬಸ್ತಿನಲ್ಲಿಟ್ಟನೆಂದು ಪ್ರಾಚೀನ ಜೀವನಚರಿತ್ರೆಕಾರ ಪ್ಲೂಟಾರ್ಕ್ ಬರೆದಿದ್ದಾನೆ.

ಅಲ್ಲಿ ಮುಟ್ಟಬಾರದ ಮೀಸಲು ನಿಧಿಯೊಂದೂ ಇತ್ತು. ಗುಲಾಮನನ್ನು ಬಿಡುಗಡೆ ಮಾಡುವಾಗ ಅವನ ಬೆಲೆಯ ಶೇ. 5ರಷ್ಟು ವಸೂಲು ಮಾಡುತ್ತಿದ್ದ ತೆರಿಗೆ ಚಿನ್ನವಾಗಿ ಇಲ್ಲಿ ಕೂಡಿಬೀಳುತ್ತಿತ್ತು. ಉತ್ತರದ (ಈಗಿನ ಫ್ರಾನ್ಸ್ ಕಡೆಯ) ಗಾಲ್ ಜನರ ದಾಳಿಯಂಥ ಆಪತ್ತಿಗಲ್ಲದೆ ಅದನ್ನು ತೆಗೆದವರಿಗೆ ಶಾಪವಿತ್ತಂತೆ. ಕ್ರಿ.ಪೂ. 49ರಲ್ಲಿ ಅಂತರ್ಯುದ್ಧದ ಖರ್ಚಿಗೆ ಹಣ ಬೇಕಾಗಿ ಜೂಲಿಯಸ್ ಸೀಸರ್ ಬಂದಾಗ ಮೆಟೆಲ್ಲಸ್ ಎಂಬ ಟ್ರಿಬ್ಯೂನ್ (ಸಾಮಾನ್ಯ ಜನರ ಪರವಾದ ಚುನಾಯಿತ ಅಧಿಕಾರಿ) ಅಡ್ಡ ನಿಂತ. ಬೀಗದ ಕೈ ಸಿಗಲಿಲ್ಲ. ಸೀಸರ್ ಕಮ್ಮಾರರನ್ನು ಕರೆಸಿದ, ಮೆಟೆಲ್ಲಸನಿಗೆ ಜೀವಬೆದರಿಕೆ ಹಾಕಿದ, ಗಾಲ್ ಜನರನ್ನು ತಾನೇ ಸೋಲಿಸಿರುವುದರಿಂದ ಶಾಪಕ್ಕೆ ಅರ್ಥವಿಲ್ಲ ಎಂದು ವಾದಿಸಿದ. ರೋಮನ್ ಲೇಖಕ ಪ್ಲಿನಿಯ ಲೆಕ್ಕದಂತೆ ಅಂದು ಹೊರಬಂದದ್ದು 15,000 ಚಿನ್ನದ ಗಟ್ಟಿ ಮತ್ತು 30,000 ಬೆಳ್ಳಿಯ ಗಟ್ಟಿ, ನಾಣ್ಯ ಬೇರೆ.

ಇನ್ನು ಪೂಜೆಯ ವಿಚಾರ. ದೇವರ ಮೂರ್ತಿಯ ಕಾಲುಗಳನ್ನು ವರ್ಷವಿಡೀ ಉಣ್ಣೆಯ ದಾರದಿಂದ ಕಟ್ಟಿಟ್ಟು, ಡಿಸೆಂಬರಿನಲ್ಲಿ ಅವನ ಹಬ್ಬದಂದು ಬಿಚ್ಚುತ್ತಿದ್ದರು. ಡಿಸೆಂಬರ್ 17ಕ್ಕೆ ಆರಂಭವಾಗುತ್ತಿದ್ದ ಆ ಸ್ಯಾಟರ್ನೇಲಿಯಾ ಹಬ್ಬದಲ್ಲಿ ಯಜಮಾನರು ಗುಲಾಮರ ಜೊತೆ ಕೂತು ಉಣ್ಣುವ ಪದ್ಧತಿಯಿತ್ತು. ಅದೇ ಗುಲಾಮರ ಬಿಡುಗಡೆಯ ತೆರಿಗೆ ಅದೇ ದೇವರ ಬಳಿ ಚಿನ್ನವಾಗಿ ಬಿದ್ದಿತ್ತೆಂಬುದು ನನಗೆ ಯಾವಾಗಲೂ ವಿಚಿತ್ರವಾಗಿ ತೋರುತ್ತದೆ.

ಕ್ರಿ.ಪೂ. 42ರ ನಂತರ ಮುನೇಷಿಯಸ್ ಪ್ಲಾಂಕಸ್ ಎಂಬ ಸೇನಾನಿ ಗುಡಿಯನ್ನು ಹೊಸದಾಗಿ ಕಟ್ಟಿಸಿದ. ನೀವು ನೋಡಿದ್ದು ಅದಕ್ಕೂ ಈಚಿನದು, ಕ್ರಿ.ಶ. 4ನೆಯ ಶತಮಾನದಲ್ಲಿ ಬೆಂಕಿಗೆ ತುತ್ತಾದ ಮೇಲೆ ಹಳೆಯ ಕಲ್ಲುಗಳನ್ನೂ ಬಳಸಿ ಎಬ್ಬಿಸಿದ್ದು. ನಿಮ್ಮ ಬಳಿ ಫೋಟೋ ಇದ್ದರೆ ಗಮನಿಸಿ: ಮುಂಭಾಗದ ಆರು ಕಂಬಗಳು ಬೂದು ಗ್ರಾನೈಟಿನವು, ಪಕ್ಕದ ಎರಡು ಕೆಂಪು ಛಾಯೆಯವು. ಮೇಲಿನ ತೊಲೆಗಲ್ಲಿನ ಶಾಸನ ಬೆಂಕಿಯಲ್ಲಿ ನಾಶವಾದದ್ದನ್ನು ಸೆನೆಟ್ ಮತ್ತು ರೋಮಿನ ಜನತೆ ಮತ್ತೆ ಕಟ್ಟಿಸಿದರೆಂದು ಹೇಳುತ್ತದೆ. ದೇವರ ಹೆಸರು ಅದರಲ್ಲಿ ಇಲ್ಲ.