ಮುದಿ ನಾಯಿ ರಾತ್ರಿಯೆಲ್ಲ ಓಡಾಡುತ್ತಿದ್ದರೆ

ಮೇಡಂ, 13 ವರ್ಷದ ನಿಮ್ಮ ಲ್ಯಾಬ್ರಡಾರ್ ಎರಡು ತಿಂಗಳಿಂದ ನಡುರಾತ್ರಿ ಎದ್ದು ಮನೆಯೆಲ್ಲ ಸುತ್ತುತ್ತದೆ, ಕುಂಯ್‌ಗುಡುತ್ತದೆ, ಗದರಿದರೂ ನಿಲ್ಲಿಸುವುದಿಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಗದರಬೇಡಿ. ಅದು ಹಟ ಮಾಡುತ್ತಿಲ್ಲ, ಅದಕ್ಕೆ ಏನೋ ಆಗುತ್ತಿದೆ.

ಮೊದಲು ಪಶುವೈದ್ಯರಿಗೆ ತೋರಿಸಿ. ಈ ವಯಸ್ಸಿನಲ್ಲಿ ಕೀಲುನೋವು, ಮೂತ್ರದ ಸೋಂಕು, ಕಿಡ್ನಿ ತೊಂದರೆ ಯಾವುದಾದರೂ ಇರಬಹುದು. ಇವೇನೂ ಇಲ್ಲವೆಂದಾದರೆ ಮರೆವಿನ ಕಾಯಿಲೆಯ ಬಗ್ಗೆ ಕೇಳಿ. ಮನುಷ್ಯರ ಅಲ್ಝೈಮರ್‌ನಂಥದ್ದೇ ಮುದಿ ನಾಯಿಗಳಿಗೂ ಬರುತ್ತದೆ. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ, ಮೂಲೆಯಲ್ಲಿ ಸಿಕ್ಕಿಕೊಂಡು ಗೋಡೆ ನೋಡುತ್ತ ನಿಲ್ಲುವುದು, ಬಾಗಿಲು ತೆರೆಯುವ ಬದಿ ಬಿಟ್ಟು ಕೀಲಿನ ಬದಿಯಲ್ಲಿ ಕಾಯುವುದು ಅದರ ಲಕ್ಷಣ. ರಾತ್ರಿಯ ಓಡಾಟದ ವಿಡಿಯೊ ಮಾಡಿಕೊಂಡು ಹೋಗಿ, ಏಕೆಂದರೆ ಕ್ಲಿನಿಕ್ಕಿನಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಇದು ಪೂರ್ತಿ ವಾಸಿಯಾಗದು, ಆದರೆ ಔಷಧಿಯಿಂದ ಎಷ್ಟೋ ನಾಯಿಗಳಿಗೆ ನೆಮ್ಮದಿ ಸಿಗುತ್ತದೆ.

ನಮ್ಮ ನಾಯಿ ರಾಜನಿಗೂ ಹೀಗೇ ಆಗಿತ್ತು. ನಡುಮನೆಯಲ್ಲಿ ಸಣ್ಣ ಬಲ್ಬು ಉರಿಸಿಟ್ಟೆವು, ಟೈಲ್ಸ್ ಮೇಲೆ ಕಾಲು ಜಾರದಂತೆ ಹಳೆ ಜಮಖಾನ ಹಾಸಿದೆವು, ಹಾಸಿಗೆಯನ್ನು ನಮ್ಮ ಮಂಚದ ಪಕ್ಕಕ್ಕೆ ತಂದೆವು. ಸಂಜೆ ನಿಧಾನವಾಗಿ ಒಂದು ಸುತ್ತು, ಮಲಗುವ ಮುಂಚೆ ಉಚ್ಚೆಗೆ ಹೊರಗೆ. ಎದ್ದಾಗ ಕತ್ತಿನ ಮೇಲೆ ಕೈ ಇಟ್ಟರೆ ಸಾಕು, ಉಸಿರು ಹದಕ್ಕೆ ಬರುತ್ತಿತ್ತು.

ಒಂದೇ ಒಂದು ಎಚ್ಚರಿಕೆ: ಮನೆಯಲ್ಲಿರುವ ನೋವಿನ ಮಾತ್ರೆ, ನಿದ್ದೆ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ. ಡಾಕ್ಟರು ಏನೆಂದರು, ತಿಳಿಸಿ.